ಬಿಚ್ಚುವ ಮೊದಲು

ನನ್ನದು 2004ರ ಮಾರುತಿ ಓಮ್ನಿ. ಆ ಗಾಡಿಯ ತಯಾರಿಕೆ 2019ರಲ್ಲೇ ನಿಂತಿತು. ನನ್ನದು ಇನ್ನೂ ಓಡುತ್ತಿದೆ. ಹೋದ ವಾರ ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ಆಕ್ಸಿಲರೇಟರ್ ತುಳಿದಷ್ಟೂ ಇಂಜಿನ್ ಕಿರುಚಿತೇ ಹೊರತು ಗಾಡಿ ಏಳಲಿಲ್ಲ. ಜೊತೆಗೆ ಸುಟ್ಟ ವಾಸನೆ. ತೀರ್ಥಹಳ್ಳಿಯಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯ ಬಳಿಗೆ ಹೇಗೋ ಮುಟ್ಟಿಸಿದೆ. ಪಿಯು ಕಾಲೇಜಿನಲ್ಲಿ ನಾನು ಅವನಿಗೆ ತರ್ಕಶಾಸ್ತ್ರ ಹೇಳಿದ್ದೆ.

ನಾನು: ಕ್ಲಚ್ ಪ್ಲೇಟು ಸವೆದಿದೆ ಕಣಪ್ಪ. ಗೇರ್‌ಬಾಕ್ಸ್ ಇಳಿಸಿ ಹೊಸದು ಹಾಕಿಬಿಡು.

ಅವನು: ಸವೆದಿದೆ ಅಂತ ಹೆಂಗೆ ಗೊತ್ತಾಯ್ತು ಸಾರ್?

ನಾನು: ವಾಸನೆಯಿಂದ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆ ಎಂದು ತಿಳಿಯುವುದೇ ಅನುಮಾನ. ನಿನಗೂ ಪಾಠ ಮಾಡಿದ್ದೆನಲ್ಲ.

ಅವನು: ಇನ್ನೊಂದೂ ಹೇಳಿದ್ರಿ. ಕಾದ ಕಬ್ಬಿಣದ ಗುಂಡಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹಾಗಾಗಿ ಬೆಂಕಿ ನೋಡಿ ಹೊಗೆ ಇದೆ ಅನ್ನೋಕಾಗಲ್ಲ ಅಂತ. ಈ ವಾಸನೆಯೂ ಅಂಥದ್ದೇ. ಪ್ಲೇಟು ಸವೆದ್ರೂ ಬರುತ್ತೆ, ಎಣ್ಣೆ ಮೆತ್ತಿದ್ರೂ ಬರುತ್ತೆ, ಕೇಬಲ್ ಬಿಗಿಯಾದ್ರೂ ಬರುತ್ತೆ, ಓಡಿಸೋರು ಪೆಡಲ್ ಮೇಲೆ ಸುಮ್ನೆ ಕಾಲಿಟ್ಕೊಂಡಿದ್ರೂ ಬರುತ್ತೆ.

ನಾನು: ಸವ್ಯಭಿಚಾರ. ಅಲ್ಲೂ ಇರುವ, ಇಲ್ಲೂ ಇರುವ ಹೇತು. ಒಪ್ಪಿದೆ. ಹಾಗಿದ್ದರೆ ಬಿಚ್ಚಿಯೇ ನೋಡೋಣ. ಪ್ರತ್ಯಕ್ಷ ಸಿಗುವಾಗ ಅನುಮಾನದ ಗೊಡವೆ ಯಾಕೆ?

ಅವನು: ಬಿಚ್ಚಿದ ಮೇಲೆ ಜಾರೋದು ಕಾಣಲ್ಲ ಸಾರ್. ಗೋಣಿಚೀಲದ ಮೇಲೆ ಹರವಿಟ್ಟ ಪ್ಲೇಟು ಎಲ್ಲಿ ಜಾರುತ್ತೆ? ರೋಗ ಇರೋದು ಓಡೋ ಗಾಡೀಲಿ. ಅದನ್ನ ಕೇಳಬೇಕಾದ್ದೆಲ್ಲ ಕೇಳಿ ಮುಗಿಸಿ, ಆಮೇಲೆ ಬಿಚ್ಚಬೇಕು.

ನಾನು ಮಾತು ಬೆಳೆಸಲಿಲ್ಲ. ಕಣ್ಣಿಗೆ ಕಾಣುವುದೇ ಎಲ್ಲಕ್ಕಿಂತ ಗಟ್ಟಿ ಪ್ರಮಾಣ ಎಂದು ವರ್ಷಗಟ್ಟಲೆ ಹೇಳಿಕೊಟ್ಟಿದ್ದೆ. ನೋಡಲು ಹೋಗುವ ಕೆಲಸವೇ ನೋಡಬೇಕಾದ್ದನ್ನು ಅಳಿಸಬಹುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅವನು ಕ್ಲಚ್ ಪೆಡಲನ್ನು ಕೈಯಿಂದ ಒತ್ತಿ ನೋಡಿದ. ಸ್ವಲ್ಪ ದೂರ ಸಡಿಲವಾಗಿ ಹೋಗಿ ಆಮೇಲೆ ಬಿಗಿಯಾಯಿತು.

ಅವನು: ಪ್ಲೇ ಇದೆ. ಇದು ಇಲ್ಲದಿದ್ರೆ ಕೇಬಲ್ಲೇ ಪ್ಲೇಟನ್ನ ಪೂರ್ತಿ ಹಿಡಿಯೋಕೆ ಬಿಡ್ತಿರಲಿಲ್ಲ, ತುದಿಯ ನಟ್ಟು ತಿರುಗಿಸಿದ್ರೆ ಮುಗೀತಿತ್ತು. ಈ ಗಾಡೀಲಿ ಅದಲ್ಲ.

ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಟ್ಟ. ಇಂಜಿನ್ ತಕ್ಷಣ ಆಫ್ ಆಗಬೇಕಿತ್ತು, ಆಗಲಿಲ್ಲ. ಅವನೇ ಕೀ ತಿರುಗಿಸಿ ನಿಲ್ಲಿಸಿದ.

ಅವನು: ಜಾರ್ತಿರೋದು ಖಾತ್ರಿ. ಇದನ್ನ ಒಂದು ಸಲ ಮಾಡಿದ್ರೆ ಸಾಕು, ಮತ್ತೆ ಮತ್ತೆ ಮಾಡಿದ್ರೆ ಇರೋ ಪ್ಲೇಟೂ ಸುಡುತ್ತೆ.

ಗ್ಯಾರೇಜಿನ ಹುಡುಗ: ಅಣ್ಣ, ಮೊನ್ನೆ ಬಂದಿತ್ತಲ್ಲ ಹಾಲಿನ ವ್ಯಾನು, ರಿವರ್ಸ್ ಹಾಕಿದ್ರೆ ಕರ್ರ್ ಅಂತಿತ್ತು. ಅದೂ ಇದೇನಾ?

ಅವನು: ಅದು ತಿರುಗಾಮುರುಗಾ ಕಣೋ. ಇದು ಹಿಡ್ಕೊಳ್ತಿಲ್ಲ, ಅದು ಬಿಡ್ತಿರಲಿಲ್ಲ. ಪೂರ್ತಿ ತುಳಿದ್ರೂ ಪ್ಲೇಟು ತಿರುಗ್ತಾನೇ ಇತ್ತು, ಅದಕ್ಕೇ ರಿವರ್ಸ್ ಕಚ್ಚಲಿಲ್ಲ. ಎರಡಕ್ಕೂ ಜನ ಕ್ಲಚ್ ಹೋಯ್ತು ಅಂತಾರೆ.

ನಾನು: ಎರಡು ವರ್ಷದ ಹಿಂದೆ ಬೇರೊಂದು ಊರಿನಲ್ಲಿ ಇದೇ ಲಕ್ಷಣಕ್ಕೆ ಪ್ಲೇಟು ಬದಲಾಯಿಸಿದ್ದರು.

ಅವನು: ಅದನ್ನ ಮೊದಲೇ ಹೇಳಬೇಕಿತ್ತು ಸಾರ್!

ಟಾರ್ಚ್ ಹಿಡಿದು ಗಾಡಿಯ ಕೆಳಗೆ ನುಸುಳಿದ. ಇಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕಡೆ, ಹೌಸಿಂಗಿನ ತಳದಿಂದ ಒಂದು ಹನಿಯನ್ನು ಬೆರಳಿಗೆ ತೆಗೆದುಕೊಂಡು ಮೂಸಿದ.

ಅವನು: ಗೇರ್ ಆಯಿಲ್ ಆಗಿದ್ರೆ ಗಂಧಕದ ಥರ ಘಾಟು ಹೊಡೀತಿತ್ತು. ಇದು ಕಪ್ಪಗಿದೆ, ಇಂಜಿನ್ ಆಯಿಲ್. ಕ್ರ್ಯಾಂಕಿನ ಹಿಂದಿನ ಸೀಲು ಸೋರಿ ಪ್ಲೇಟಿಗೆ ಸಿಡೀತಿದೆ ಅನ್ಸುತ್ತೆ. ಆವಾಗಲೂ ಅದೇ ಆಗಿರಬೇಕು. ಪ್ಲೇಟು ಹಾಕಿದ್ರು, ಸೀಲು ನೋಡಲಿಲ್ಲ.

ನಾನು: ಇಷ್ಟು ಮಾಡಿಯೂ ನಿನಗೆ ಸಿಕ್ಕಿದ್ದು ಅನುಮಾನವೇ ಅಲ್ಲವೇ?

ಅವನು: ಹೌದು ಸಾರ್. ನಿಮ್ಮ ಪುಸ್ತಕದಲ್ಲಿ ಅನುಮಾನ ಅಂದ್ರೆ ತಿಳಿವಳಿಕೆ. ನಮ್ಮ ಮನೆಮಾತಲ್ಲಿ ಅನುಮಾನ ಅಂದ್ರೆ ಸಂಶಯ. ನಂಗೆ ಎರಡೂ ಒಟ್ಟಿಗೆ ಬೇಕು. ಸೀಲು ಅಂತ ನನ್ನ ಲೆಕ್ಕ. ತಪ್ಪಿರಬಹುದು ಅನ್ನೋದೂ ತಲೇಲಿ ಇರ್ಬೇಕು, ಇಲ್ಲಾಂದ್ರೆ ಇಳಿಸಿದ ಮೇಲೆ ಬೇರೆ ಏನಿದ್ರೂ ಕಣ್ಣಿಗೆ ಬೀಳಲ್ಲ.

ನಾನು: ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಗೇರ್‌ಬಾಕ್ಸ್ ಇಳಿಸುವ ಕೂಲಿ ಹೇಗೂ ಕೊಡಲೇಬೇಕು. ಮೊದಲೇ ಇಳಿಸಿದ್ದರೂ ಇದೇ ಕಾಣುತ್ತಿತ್ತಲ್ಲವೇ?

ಅವನು: ಎಣ್ಣೆ ಮೆತ್ತಿದ ಪ್ಲೇಟು ಕಾಣ್ತಿತ್ತು. ಒರೆಸಿ ಎಸೆದು ಹೊಸದು ಹಾಕ್ತಿದ್ರು. ಸೀಲು ಇರೋದು ಫ್ಲೈವೀಲಿನ ಹಿಂದೆ ಸಾರ್. ಏನು ಹುಡುಕ್ತಿದೀನಿ ಅಂತ ಗೊತ್ತಿಲ್ಲದೋರು ಫ್ಲೈವೀಲ್ ಬಿಚ್ಚಲ್ಲ.

ಮಧ್ಯಾಹ್ನ ಗೇರ್‌ಬಾಕ್ಸ್ ಇಳಿಯಿತು. ಪ್ಲೇಟಿನ ಲೈನಿಂಗು ರಿವೆಟ್ಟುಗಳಿಗಿಂತ ಇನ್ನೂ ಎತ್ತರದಲ್ಲೇ ಇತ್ತು, ಸವೆದಿರಲಿಲ್ಲ. ಎಣ್ಣೆ ಕುಡಿದು, ಕಾದು, ಕಪ್ಪಾಗಿ ಹೊಳೆಯುತ್ತಿತ್ತು. ಫ್ಲೈವೀಲ್ ಬಿಚ್ಚಿದಾಗ ಹಿಂದಿನ ಸೀಲಿನ ಅಂಚು ಗಟ್ಟಿಯಾಗಿ ಬಿರಿದಿತ್ತು. ಹೊಸ ಪ್ಲೇಟಿಗಿಂತ ಮೊದಲು ಹೊಸ ಸೀಲು ಹಾಕಿದ.