ದಿಗ್ವ್ರತವೂ ದೂರದೇಶದ ಸೇವೆಯೂ

ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿ ತಾನು ಎಲ್ಲಿಯವರೆಗೆ ಸಂಚರಿಸಬಹುದು, ವ್ಯವಹರಿಸಬಹುದು ಎಂದು ಎಲ್ಲೆ ಹಾಕಿಕೊಂಡು, ಅದನ್ನು ಜೀವಮಾನವಿಡೀ ದಾಟದಿರುವುದೇ ಈ ವ್ರತ. ಕಡಲು, ಹೊಳೆ, ಕಾಡು, ಬೆಟ್ಟ, ನಾಡುಗಳನ್ನು ಅದರ ಎಲ್ಲೆಗಳೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಬೆಟ್ಟಗಳ ಜೈನ ಮನೆಯೊಂದರಲ್ಲಿ, ಕೃಷಿ ವಿಜ್ಞಾನ ಓದಿದ ಮಗಳು ಆಫ್ರಿಕದ ಬಡ ಹಳ್ಳಿಯೊಂದಕ್ಕೆ ಹೋಗಿ ಒಂದು ವರ್ಷ ಸಂಬಳವಿಲ್ಲದೆ ರೈತರಿಗೆ ನೆರವಾಗುವೆನೆಂದರೆ ಹಿರಿಯರು ಏನು ಹೇಳಬೇಕು? ದಿಕ್ಕುಗಳಿಗೆ ಮಿತಿ ವಿಧಿಸುವ ಧರ್ಮವು ಕಡಲಾಚೆಯ ಸೇವೆಯನ್ನು ಒಪ್ಪುವುದೆ? ಅದಕ್ಕೆ ಬಸದಿಯ ಟ್ರಸ್ಟು ಹಣ ನೀಡಬಹುದೆ?

ಉತ್ತರಕ್ಕಾಗಿ ಮೊದಲು ವ್ರತದ ಉದ್ದೇಶವನ್ನು ನೋಡಬೇಕು. ಎಲ್ಲೆಯ ಆಚೆ ಶ್ರಾವಕನು ವ್ಯವಹರಿಸದಿದ್ದರೆ ಅಲ್ಲಿ ಅವನಿಂದ ಸೂಕ್ಷ್ಮ ಪಾಪವೂ ಆಗದು. ಲೋಭ ಹಬ್ಬುವ ಕ್ಷೇತ್ರವೂ ಕಿರಿದಾಗುತ್ತದೆ. ಅಂದರೆ ದಿಗ್ವ್ರತವು ಕಟ್ಟಿಹಾಕುವುದು ಹಿಂಸೆಯನ್ನು, ಆಸೆಯನ್ನು, ಕರುಣೆಯನ್ನಲ್ಲ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳಿದ ನಾಲ್ಕು ದತ್ತಿಗಳಲ್ಲಿ ದಯಾದತ್ತಿಯು ಅನುಕಂಪಕ್ಕೆ ಪಾತ್ರವಾದ ಎಲ್ಲ ಜೀವಿಗಳಿಗೂ ಸಲ್ಲುವಂಥದು. ಜೈನರಾಗಿದ್ದ ಕಳಸ-ಕಾರ್ಕಳದ ಅರಸರು ಕಳಸೇಶ್ವರ ದೇವಾಲಯಕ್ಕೂ ದತ್ತಿ ಬಿಟ್ಟದ್ದುಂಟು. ಕೊಡುವ ಕೈ ಮತದ ಗಡಿಯನ್ನು ದಾಟಬಹುದಾದರೆ ನಾಡಿನ ಗಡಿಯನ್ನೇಕೆ ದಾಟಬಾರದು? ವ್ರತವನ್ನು ವಿಧಿವತ್ತಾಗಿ ಸ್ವೀಕರಿಸಿದವರು ಅದನ್ನು ಪಾಲಿಸಲೇಬೇಕು. ಸ್ವೀಕರಿಸದವರೂ ಅದು ಕೇಳುವ ಪ್ರಶ್ನೆಯಿಂದ ಪಾರಾಗಲಾರರು: ನಾನು ಅಲ್ಲಿಗೆ ಹೋಗುವುದರಿಂದ ಅಲ್ಲಿ ಹಿಂಸೆ ಹೆಚ್ಚುವುದೋ, ಕುಗ್ಗುವುದೋ?

ಈ ಪ್ರಶ್ನೆಗೆ ಕಾಫಿಯ ಚರಿತ್ರೆಯೇ ಬೆಳಕು ನೀಡುತ್ತದೆ. ಗಿಡದ ಮೂಲ ನೆಲ ಇಥಿಯೋಪಿಯ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿ. ಹೀಗೆ ಈ ಬೆಟ್ಟಗಳ ಅನ್ನವೇ ಪರದೇಶದ ಋಣ. ಆ ಋಣ ಒಂದಿಷ್ಟು ತೀರಿದ್ದೂ ಉಂಟು. ಮೈಸೂರು ಸೀಮೆಯ ತೋಟದಲ್ಲಿ 1911ರ ಸುಮಾರಿಗೆ ಆಯ್ದ ಕೆಂಟ್ ತಳಿ ಪೂರ್ವ ಆಫ್ರಿಕವನ್ನು ಸೇರಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಸಂಶೋಧನಾ ಕೇಂದ್ರವು ಅದೇ ಕೆಂಟ್ ತಳಿಯನ್ನು ಮತ್ತೊಂದರೊಡನೆ ಕೂಡಿಸಿ 1940ರ ದಶಕದಲ್ಲಿ ಹೊರತಂದ ಎಸ್. 795 ತಳಿಯನ್ನು ಇಂದು ಇಂಡೋನೇಷ್ಯದ ರೈತರೂ ಬೆಳೆಯುತ್ತಾರೆ. ಎಲೆ ತುಕ್ಕು ರೋಗವನ್ನು ತಡೆಯಲೆಂದು ರೂಪುಗೊಂಡ ಈ ತಳಿಯ ಹಿಂದೆ ವರ್ಷಗಟ್ಟಲೆಯ ಪರೀಕ್ಷೆಯಿದೆ. ಆದರೂ ಕಾಲಕ್ರಮದಲ್ಲಿ ರೋಗವು ಹೊಸ ರೂಪ ತಾಳಿ ಅದನ್ನೂ ಬಾಧಿಸತೊಡಗಿತು. ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಸ್ವಂತ ನೆಲದಲ್ಲಿ ಪರೀಕ್ಷಿಸಿದ್ದನ್ನು ಮಾತ್ರ ಪರರಿಗೆ ಕೊಡಬೇಕು. ಯಾವ ಕೊಡುಗೆಯೂ ಶಾಶ್ವತವಲ್ಲವಾದುದರಿಂದ, ವಸ್ತುವಿನೊಡನೆ ಅದರ ಜ್ಞಾನವನ್ನೂ ಕೊಡಬೇಕು.

ಹಾಗಾದರೆ ಇಲ್ಲಿಂದ ಹೋಗುವವರು ಯಾವುದನ್ನು ಒಯ್ಯಬಲ್ಲರು? ಅರೇಬಿಕಾ ಗಿಡದ ಕಡು ವೈರಿ ಬಿಳಿ ಕಾಂಡಕೊರಕ. ಬಿಸಿಲು ನೇರವಾಗಿ ಬೀಳುವ ಕಾಂಡದ ತೊಗಟೆಯ ಬಿರುಕುಗಳಲ್ಲಿ ಇದರ ದುಂಬಿ ಮೊಟ್ಟೆಯಿಡುತ್ತದೆ. ಬಹುಕಾಲ ಇದಕ್ಕೆ ಲಿಂಡೇನ್ ಎಂಬ ವಿಷವನ್ನು ಬಳಸಲಾಗುತ್ತಿತ್ತು. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವು ಅದನ್ನು ತೊಡೆದುಹಾಕಬೇಕಾದ ವಿಷಗಳ ಪಟ್ಟಿಗೆ ಸೇರಿಸಿತು. ವಿಷವಿಲ್ಲದ ದಾರಿಯೂ ಇದೆ. ನೆರಳಿನ ಮರಗಳನ್ನು ಉಳಿಸಿಕೊಂಡು, ದುಂಬಿ ಹಾರುವ ಕಾಲಕ್ಕೆ ಮುಂಚೆ ಸಡಿಲ ತೊಗಟೆಯನ್ನು ಉಜ್ಜಿ ತೆಗೆದರೆ ಮೊಟ್ಟೆಯಿಡಲು ಎಡೆ ಕಡಿಮೆಯಾಗುತ್ತದೆ. ಕೃಷಿಯನ್ನು ಆರು ಜೀವನೋಪಾಯಗಳಲ್ಲಿ ಒಂದಾಗಿ ಬೋಧಿಸಿದವನು ಆದಿನಾಥನೇ. ಅದರಲ್ಲಿ ಒಂದಿಷ್ಟು ಹಿಂಸೆ ಗೃಹಸ್ಥನಿಗೆ ಅನಿವಾರ್ಯ. ಆದರೆ ಹುಟ್ಟಿದ ಜೀವವನ್ನು ಕೊಲ್ಲುವುದಕ್ಕಿಂತ ಕೊಲ್ಲಬೇಕಾದ ಸಂದರ್ಭವೇ ಬಾರದಂತೆ ನೋಡಿಕೊಳ್ಳುವುದು ಶ್ರೇಷ್ಠ. ನೆರಳಿನ ಕೃಷಿಯ ತಿರುಳು ಇದೇ.

ಇಲ್ಲಿಯೇ ನಿಜವಾದ ಕಷ್ಟವೂ ಇದೆ. ತನ್ನ ತೋಟದ ಮರಗಳನ್ನು ಕಡಿಸಿ, ಕೈಗವಸಿಲ್ಲದ ಆಳುಗಳಿಂದ ಔಷಧಿ ಹೊಡೆಸುವ ಮನೆಯಿಂದ ಹೋದವರು ಪರದೇಶದ ರೈತನಿಗೆ ಏನನ್ನು ಬೋಧಿಸಿಯಾರು? ಇಂದು ತೋಟದ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್‌ಗಳಿಂದ ಬಂದ ಕುಟುಂಬಗಳೂ ಇವೆ. ದೂರದ ಬಡ ಹಳ್ಳಿಯೇ ನಡೆದುಬಂದು ಬಾಗಿಲಲ್ಲಿ ನಿಂತಿದೆ. ಅವರ ಮಕ್ಕಳ ಶಾಲೆ, ಕುಡಿಯುವ ನೀರು, ಕಾಯಿಲೆಗಳನ್ನು ವಿಚಾರಿಸದ ಕರುಣೆಯು ಕಡಲು ದಾಟಿದೊಡನೆ ಹಿರಿದಾಗುವುದಿಲ್ಲ.

ಹಾಗೆಂದು ‘ಮೊದಲು ಮನೆ, ಆಮೇಲೆ ಲೋಕ’ ಎಂಬ ಮಾತನ್ನು ಹಿಡಿದು ಕೂರುವುದೂ ಸರಿಯಲ್ಲ. ಮನೆಯ ಕೆಲಸ ಎಂದೂ ಮುಗಿಯುವುದಿಲ್ಲ. ಆ ಮಾತು ಎಷ್ಟೋ ವೇಳೆ ಏನನ್ನೂ ಕೊಡದಿರಲು ಸಿಕ್ಕ ನೆಪವಾಗುತ್ತದೆ. ಇಲ್ಲಿ ಬೇಕಾದುದು ಹಿಂದುಮುಂದಿನ ಸರದಿಯಲ್ಲ, ಎರಡೂ ಕಡೆ ಒಂದೇ ಆಚರಣೆ. ಮಗಳು ದೂರದ ಹಳ್ಳಿಯಲ್ಲಿ ಯಾವುದನ್ನು ಕಲಿಸುವಳೋ ಅದನ್ನು ತಂದೆಯು ತೋಟದಲ್ಲಿ ಪಾಲಿಸಲಿ. ಆಗ ಹೋದವರ ಸೇವೆ, ಉಳಿದವರ ಸೇವೆ ಎರಡೂ ಒಂದೇ ವ್ರತವಾಗುತ್ತದೆ.

ಟ್ರಸ್ಟುಗಳಿಗೆ ಅಳತೆಗೋಲು ತತ್ತ್ವಾರ್ಥಸೂತ್ರದಲ್ಲಿಯೇ ಇದೆ. ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ದಾನದ ಫಲ ಬೇರೆಯಾಗುತ್ತದೆ. ನೆರವನ್ನು ಅಲ್ಲಿನ ರೈತರೇ ಬಯಸಿದ್ದಾರೆಯೆ? ಇದು ಪಾತ್ರದ ವಿಚಾರ. ಒಯ್ಯುವ ಬೀಜವೂ ವಿದ್ಯೆಯೂ ನಿರ್ವಿಷವೆ? ಇದು ದ್ರವ್ಯದ ವಿಚಾರ. ಹೋಗುವವರು ಕಲಿಸುವ ಮೊದಲು ಕಲಿಯಲು ಸಿದ್ಧರೆ, ಅಥವಾ ಕೀರ್ತಿಗಾಗಿ ಹೊರಟವರೆ? ಇದು ದಾತೃವಿನ ವಿಚಾರ. ಹಿಂದಿರುಗಿದ ಮೇಲೆ ಕೆಲಸ ಅಲ್ಲಿನವರ ಕೈಯಲ್ಲಿ ಮುಂದುವರಿಯುವುದೆ? ಇದು ವಿಧಿಯ ವಿಚಾರ. ಬಸದಿಯ ಪೂಜೆಗೆ, ಜೀರ್ಣೋದ್ಧಾರಕ್ಕೆ ಬಂದ ಹಣವನ್ನು ಇದಕ್ಕೆ ಮುಟ್ಟಕೂಡದು. ದಯಾದತ್ತಿಗೆಂದೇ ಬೇರೆ ನಿಧಿ ಎತ್ತುವುದು ಯುಕ್ತ.

ಈ ನಾಲ್ಕೂ ಸರಿಯೆಂದು ಕಂಡಲ್ಲಿ ಹಿರಿಯರು ಮಗಳನ್ನು ಹರಸಿ ಕಳುಹಿಸಲಿ. ಒಂದು ಸರಿಯಿಲ್ಲವೆಂದು ಕಂಡರೂ, ಅದನ್ನು ತಿದ್ದಿಕೊಂಡ ಮೇಲೆಯೇ ಪ್ರಯಾಣದ ದಿನ ಗೊತ್ತುಮಾಡಲಿ.