ದಾಟಿಸಿದ ಮಾತಿಗೆ ಹೊಣೆ ಯಾರು?

ಸುಳ್ಳನ್ನು ಹುಟ್ಟಿಸುವವನು ತಪ್ಪುಗಾರನೆಂಬದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ತಾನು ಹುಟ್ಟಿಸದೆ, ಒಬ್ಬನಿಂದ ಬಂದದ್ದನ್ನು ಇನ್ನೊಬ್ಬನಿಗೆ ದಾಟಿಸುವವನ ಸಂಗತಿ ಏನು? "ನಾನು ಬರೆದದ್ದಲ್ಲ, ಬಂದದ್ದನ್ನು ಕಳುಹಿಸಿದೆನು, ಅಷ್ಟೇ" ಎಂದು ಹೇಳಿ ಅವನು ಕೈ ತೊಳೆದುಕೊಳ್ಳಬಹುದೋ? ಹಳ್ಳಿಹಳ್ಳಿಗೂ ಮೊಬೈಲ್ ಬಂದಿರಲಾಗಿ ಈ ಪ್ರಶ್ನೆಯು ನಮ್ಮೆಲ್ಲರನ್ನೂ ಮುಟ್ಟುತ್ತದೆ.

2018ನೆಯ ಇಸವಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿಯು ವಾಟ್ಸಾಪಿನ ಮೂಲಕ ನಮ್ಮ ದೇಶದ ಅನೇಕ ಕಡೆಗಳಲ್ಲಿ ಹಬ್ಬಿತು. ಅದರ ಸಂಗಡ ಹರಿದಾಡಿದ ಒಂದು ವಿಡಿಯೋದಲ್ಲಿ, ಮೋಟಾರು ಸೈಕಲಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವದು ಕಾಣುತ್ತಿತ್ತು. ನಿಜವೇನಂದರೆ, ಅದು ಪಾಕಿಸ್ತಾನದ ಕರಾಚಿಯಲ್ಲಿ ತಂದೆತಾಯಿಗಳನ್ನು ಎಚ್ಚರಿಸುವದಕ್ಕಾಗಿ ಮಾಡಿದ ಚಿತ್ರ. ಅದರ ಕಡೆಯಲ್ಲಿ ಆ ಇಬ್ಬರೇ ಮಗುವನ್ನು ಹಿಂದಕ್ಕೆ ತಂದುಬಿಟ್ಟು ಎಚ್ಚರಿಕೆಯ ಬರಹವನ್ನು ತೋರಿಸುತ್ತಾರೆ. ಯಾರೋ ಆ ಕಡೆಯ ಭಾಗವನ್ನು ಕತ್ತರಿಸಿದರು. ಕತ್ತರಿಸಿದ ಕೈಗಳು ಕೆಲವು. ದಾಟಿಸಿದ ಕೈಗಳು ಅಸಂಖ್ಯಾತ.

ಅದೇ ವರುಷದ ಜುಲೈ 13ರಂದು ಹೈದರಾಬಾದಿನಿಂದ ನಮ್ಮ ಬೀದರ ಜಿಲ್ಲೆಗೆ ಕಾರಿನಲ್ಲಿ ಬಂದ ಕೆಲವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ನೋಡಿದವರಿಗೆ ಅನುಮಾನ ಹುಟ್ಟಿತು. ಅವರ ಚಿತ್ರವೂ, ಕಳ್ಳರೆಂಬ ಮಾತೂ ಮೊಬೈಲಿನಿಂದ ಮೊಬೈಲಿಗೆ ಓಡಿದವು. ಅವರು ಹೆದರಿ ಕಾರನ್ನು ಓಡಿಸಿದರು. ಆದರೆ ಅವರಿಗಿಂತ ಮುಂಚೆ ಸುದ್ದಿಯು ಮುರ್ಕಿ ಎಂಬ ಊರನ್ನು ಮುಟ್ಟಿತ್ತು. ಅಲ್ಲಿ ಜನರು ದಾರಿಯನ್ನು ಕಟ್ಟಿ ಹೊಡೆದರು. ಒಬ್ಬನು ಸತ್ತನು; ಅವನು ಕಂಪ್ಯೂಟರ್ ಕೆಲಸದ ಇಂಜಿನಿಯರನು. ಬಿಡಿಸಹೋದ ಪೊಲೀಸರಿಗೂ ಪೆಟ್ಟಾಯಿತು. ಬಂಧಿತರಾದವರಲ್ಲಿ ವಾಟ್ಸಾಪ್ ಗುಂಪನ್ನು ನಡಿಸುತ್ತಿದ್ದವನೂ ಒಬ್ಬನು.

ಇಲ್ಲಿ ಕಲ್ಲೆತ್ತದವರು ಬಹು ಮಂದಿ. ಅವರು ಬೆರಳನ್ನು ಮಾತ್ರ ಒತ್ತಿದರು. ಅವರು ನಿರಪರಾಧಿಗಳೋ?

"ಅಂಚೆಯವನು ಕೆಟ್ಟ ಕಾಗದವನ್ನು ತಂದರೆ ಅವನನ್ನು ದೂರುವದುಂಟೇ?" ಎಂದು ಕೆಲವರು ಕೇಳುತ್ತಾರೆ. ಅಂಚೆಯವನು ಕಾಗದವನ್ನು ಒಡೆದು ಓದುವದಿಲ್ಲ. ಯಾರಿಗೆ ಕೊಡಬೇಕೆಂದು ತಾನು ಗೊತ್ತುಮಾಡುವದಿಲ್ಲ. ಅವನು ತಂದನೆಂಬ ಕಾರಣದಿಂದ ಯಾರೂ ಅದನ್ನು ನಂಬುವದೂ ಇಲ್ಲ. ಸುದ್ದಿಯನ್ನು ದಾಟಿಸುವವನಾದರೋ ಓದುತ್ತಾನೆ, ಆರಿಸುತ್ತಾನೆ, ತನ್ನ ಹೆಸರಿನಿಂದ ಕಳುಹಿಸುತ್ತಾನೆ. "ನಮ್ಮ ಅಣ್ಣ ಕಳುಹಿಸಿದ್ದು, ಸುಳ್ಳಿರಲಾರದು" ಎಂದು ಮನೆಯವರು ನಂಬುತ್ತಾರೆ. ಹೀಗೆ ಅವನು ತನಗೆ ಇರುವ ಒಳ್ಳೇ ಹೆಸರನ್ನು ಕಾಣದವನ ಸುಳ್ಳಿಗೆ ಸಾಲವಾಗಿ ಕೊಟ್ಟಂತಾಯಿತು. ಆದದರಿಂದ ಅವನು ಅಂಚೆಯವನಲ್ಲ, ಸಾಕ್ಷಿಯೇ. ಸಾಕ್ಷಿಯು ತಾನು ಕಂಡದ್ದನ್ನು ಮಾತ್ರ ಹೇಳತಕ್ಕದ್ದು.

ಇನ್ನು ಕೆಲವರು ಒಳ್ಳೇ ಮನಸ್ಸಿನಿಂದ, "ಒಂದು ವೇಳೆ ನಿಜವಾಗಿದ್ದರೆ? ನಾನು ಸುಮ್ಮನಿದ್ದು ಒಂದು ಮಗುವಿಗೆ ಕೇಡಾದರೆ?" ಅನ್ನುತ್ತಾರೆ. ಈ ಮಾತನ್ನು ಹಗುರವಾಗಿ ಎಣಿಸಕೂಡದು. ಆದರೆ ಮಗುವಿನ ಮೇಲೆ ನಿಜವಾದ ಪ್ರೀತಿ ಇದ್ದರೆ, ವಿಚಾರಿಸಿ ಸಹಾಯ ಮಾಡಬಲ್ಲವರ ಬಳಿಗೆ ಹೋಗಬೇಕಲ್ಲವೋ? ಶಾಲೆಯ ಉಪಾಧ್ಯಾಯರು ಇದ್ದಾರೆ, ಪೊಲೀಸ್ ಠಾಣೆ ಇದೆ. 112 ಎಂಬ ಸಂಖ್ಯೆಗೂ, ಮಕ್ಕಳಿಗಾಗಿಯೇ ಇರುವ 1098 ಎಂಬ ಸಂಖ್ಯೆಗೂ ಫೋನ್ ಮಾಡಬಹುದು. ವಿಚಾರಿಸಲಾರದೆ ಸಿಟ್ಟನ್ನು ಮಾತ್ರ ಮಾಡಿಕೊಳ್ಳಬಲ್ಲ ಸಾವಿರ ಮಂದಿಗೆ ಕಳುಹಿಸುವದರಿಂದ ಮಗುವಿಗೆ ಯಾವ ಕಾವಲೂ ದೊರೆಯದು.

ಮತ್ತೊಂದನ್ನು ಗಮನಿಸಿರಿ. ಆ ಪ್ರಯಾಣಿಕರ ಚಿತ್ರವು ಸುಳ್ಳಲ್ಲ; ಅವರು ಅಲ್ಲಿ ಇದ್ದದ್ದು ನಿಜ. ಆದರೂ ಅವರ ಮುಖವನ್ನು ಊರೂರಿಗೆ ಹಂಚುವ ಅಧಿಕಾರವನ್ನು ನೋಡಿದವರಿಗೆ ಯಾರು ಕೊಟ್ಟರು? ನೆರೆಯವನ ರೋಗ, ಒಬ್ಬ ಹುಡುಗಿಯ ಚಿತ್ರ, ಒಂದು ಮನೆಯ ಜಗಳ ಇವು ನಿಜವಾಗಿದ್ದರೂ ನಮ್ಮವಲ್ಲ. 2017ನೆಯ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಭತ್ತು ಮಂದಿ ನ್ಯಾಯಾಧೀಶರು ಖಾಸಗಿತನವು ಪ್ರತಿಯೊಬ್ಬನ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪು ಕೊಟ್ಟರು. ಆ ಮೊಕದ್ದಮೆಯನ್ನು ತಂದವರಲ್ಲಿ ಮೊದಲಿನವರಾದ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದರು. ಆ ಹಕ್ಕು ಸರಕಾರದ ಮುಂದೆ ಮಾತ್ರವಲ್ಲ, ನೆರೆಹೊರೆಯಲ್ಲಿಯೂ ಮಾನ್ಯವಾಗಬೇಕು.

ಮುರ್ಕಿಯ ಸಂಗತಿಯಾದ ಆ ಜುಲೈ ತಿಂಗಳಲ್ಲಿಯೇ ವಾಟ್ಸಾಪಿನವರು, ನಮ್ಮ ದೇಶದಲ್ಲಿ ಒಂದು ಸುದ್ದಿಯನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದೆಂದು ಮಿತಿಯಿಟ್ಟರು. ಆದರೆ ಆಗ ಒಂದು ಗುಂಪಿನಲ್ಲಿ 256 ಮಂದಿಯವರೆಗೆ ಇರಬಹುದಾಗಿತ್ತು. ಐದು ಗುಂಪುಗಳೆಂದರೆ 1,280 ಮಂದಿ! ಯಂತ್ರದ ಬೇಲಿಯು ಸುದ್ದಿಯ ವೇಗವನ್ನು ತಗ್ಗಿಸೀತು. ಬೆರಳನ್ನು ತಡೆಯಬೇಕಾದದ್ದು ಮನಸ್ಸಾಕ್ಷಿಯೇ.

ಹೀಗಿರಲಾಗಿ, ಕಳುಹಿಸುವದಕ್ಕೆ ಮುಂಚೆ ಮೂರು ಮಾತುಗಳನ್ನು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಇದನ್ನು ಕಣ್ಣಾರೆ ಕಂಡವರು ಯಾರು? ಇದರಲ್ಲಿ ಯಾರ ಹೆಸರೂ ಮುಖವೂ ಇವೆಯೋ ಅವರ ಎದುರಿನಲ್ಲಿ ನಿಂತು ಇದನ್ನೇ ಹೇಳಬಲ್ಲೆನೋ? ತಪ್ಪಾದರೆ ಹಿಂದಕ್ಕೆ ತರಬಲ್ಲೆನೋ? ನಾವು ಕಳುಹಿಸಿದ್ದನ್ನು ಅಳಿಸಿದರೂ ಬೇರೆಯವರು ಆಗಲೇ ದಾಟಿಸಿದ್ದು ಅಳಿಯದು. ಸುಳ್ಳೆಂದು ತಿಳಿದ ಮೇಲೆ, ಯಾರಾರಿಗೆ ಕಳುಹಿಸಿದೆವೋ ಅವರೆಲ್ಲರಿಗೂ "ಅದು ಸುಳ್ಳು, ನಂಬಬೇಡಿರಿ" ಎಂದು ನಾಚದೆ ತಿಳಿಸುವದು ನಮ್ಮ ಮೇಲಿರುವ ಸಾಲ. ಸುಳ್ಳು ಹೋದ ದಾರಿಯಲ್ಲಿಯೇ ಸತ್ಯವೂ ಹೋಗಲಿ.