ಅಲ್ಪವ್ಯಯದ ಯಾತ್ರೆಯೂ ಯಾತ್ರಿಕನ ಋಣವೂ

ಬೇಸಗೆಯ ರಜೆ ಸಮೀಪಿಸುತ್ತಲೇ ನಾಲ್ಕಾರು ಮಂದಿ ಸ್ನೇಹಿತರು ಒಂದೆಡೆ ಕಲೆತು, ಈ ಸಲವಾದರೂ ಊರು ಬಿಟ್ಟು ಪರನಾಡಿಗೆ ಹೋಗಿ ಹದಿನೈದಿಪ್ಪತ್ತು ದಿನ ಇದ್ದು ಬರಬೇಕೆಂದು ಸಂಕಲ್ಪಿಸಿ, ರೈಲಿನ ವೇಳೆಯನ್ನೂ ಧರ್ಮಶಾಲೆಯ ಬಾಡಿಗೆಯನ್ನೂ ತಲೆಗಿಷ್ಟೆಂದು ಹಾಕಬೇಕಾದ ವಂತಿಗೆಯನ್ನೂ ಕಾಗದದ ಮೇಲೆ ಬರೆದು ಕೂಡಿ ಕಳೆಯುವುದು ನಮ್ಮ ಸಾಧಾರಣ ಸಂಸಾರಗಳಲ್ಲಿ ಬಹು ಪರಿಚಿತವಾದ ವ್ಯಾಪಾರ. ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಮನಮಾಡಿನಲ್ಲಿ ಇಳಿದರೆ ಒಂದು ದಾರಿ ನಾಸಿಕದ ಪಂಚವಟಿಗೂ ಇನ್ನೊಂದು ದಾರಿ ಈಗ ಛತ್ರಪತಿ ಸಂಭಾಜಿನಗರವೆನಿಸಿರುವ ಔರಂಗಾಬಾದಿಗೂ ಒಯ್ಯುವುದರಿಂದ, ಕೈ ಹಿಡಿದು ವ್ಯಯಮಾಡುವ ಕನ್ನಡಿಗರ ಪಾಲಿಗೆ ಇದು ಬಲ್ಲವರು ಒಪ್ಪಿದ ಮಾರ್ಗ. ಎಷ್ಟು ಕಡಮೆಯಲ್ಲಿ ಮುಗಿದೀತೆಂದು ಇವರು ಕೇಳಿಕೊಳ್ಳುವುದು ನ್ಯಾಯವೇ ಸರಿ. ಆದರೆ ಅದರ ಬೆನ್ನಿಗೇ ಏಳುವ ಮತ್ತೊಂದು ಪ್ರಶ್ನೆಯುಂಟು: ನಾವು ತೆರದೆ ಉಳಿಸಿಕೊಂಡದ್ದನ್ನು ನಮ್ಮ ಪರವಾಗಿ ತೆತ್ತವರು ಯಾರು? ಮೊದಲನೆಯದು ಲೆಕ್ಕದ ಪ್ರಶ್ನೆ, ಎರಡನೆಯದು ಧರ್ಮದ ಪ್ರಶ್ನೆ.

ಬಡವನ ಯಾತ್ರೆಯನ್ನು ನಮ್ಮ ಪೂರ್ವಿಕರು ಕೀಳಾಗಿ ಕಂಡವರಲ್ಲ. ಮಹಾಭಾರತದ ವನಪರ್ವದಲ್ಲಿ, ಅರ್ಜುನನ ಅಗಲಿಕೆಯಿಂದ ಖಿನ್ನರಾಗಿದ್ದ ಪಾಂಡವರ ಬಳಿಗೆ ನಾರದನು ಬಂದು, ಹಿಂದೊಮ್ಮೆ ಪುಲಸ್ತ್ಯನು ಭೀಷ್ಮನಿಗೆ ಉಪದೇಶಿಸಿದ್ದ ತೀರ್ಥವಿಧಿಯನ್ನು ತಿಳಿಸುತ್ತಾನೆ. ಯಜ್ಞಗಳಿಗೆ ಬಹುವಾದ ಉಪಕರಣಗಳೂ ಸಂಭಾರಗಳೂ ಬೇಕಾದುದರಿಂದ ಅವು ಅರಸರಿಗೂ ಐಶ್ವರ್ಯವಂತರಿಗೂ ಮಾತ್ರ ಸಾಧ್ಯವೆಂದೂ, ದರಿದ್ರನಿಗೂ ಕೈಗೆಟುಕುವ ಮತ್ತು ಯಜ್ಞಗಳನ್ನೂ ಮೀರಿಸುವ ಪುಣ್ಯಕರ್ಮವು ತೀರ್ಥಯಾತ್ರೆಯೆಂದೂ ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಅದೇ ಉಪದೇಶದಲ್ಲಿ, ಕೈಕಾಲುಗಳನ್ನೂ ಮನಸ್ಸನ್ನೂ ನಿಯಮದಲ್ಲಿಟ್ಟುಕೊಂಡು ದೊರೆತುದರಲ್ಲಿ ತೃಪ್ತನಾಗಿ ಪ್ರತಿಗ್ರಹದಿಂದ ವಿಮುಖನಾದವನಿಗೇ ತೀರ್ಥಫಲವೆಂಬ ನಿಬಂಧನೆಯೂ ಇದೆ. ಬಡವನು ಬರಲಿ, ಆದರೆ ಇನ್ನೊಬ್ಬರ ದ್ರವ್ಯಕ್ಕೆ ಕೈಯೊಡ್ಡುವ ಆಸೆಯಿಂದ ಬಾರದಿರಲಿ ಎಂಬುದು ಇದರ ತಾತ್ಪರ್ಯ.

ಅನಂತರ ಲೋಮಶ ಋಷಿಯು ಬಂದು, ಪರಿವಾರವನ್ನು ಕಡಮೆ ಮಾಡಿಕೊಂಡು ಹಗುರಾಗಿ ಹೊರಡೆಂದು ಧರ್ಮರಾಜನಿಗೆ ಬುದ್ಧಿ ಹೇಳುತ್ತಾನೆ. ಧರ್ಮರಾಜನು ಹಸಿವು ಬಾಯಾರಿಕೆಗಳನ್ನೂ ಮಾರ್ಗಾಯಾಸವನ್ನೂ ತಾಳಲಾರದವರನ್ನು, ಮೃಷ್ಟಾನ್ನವಿಲ್ಲದೆ ನಡೆಯದವರನ್ನು ಹಿಂದಿರುಗುವಂತೆ ಪ್ರಾರ್ಥಿಸುತ್ತಾನೆ. ಆದರೆ ಅಷ್ಟಕ್ಕೆ ಅವನು ಸುಮ್ಮನಾಗುವುದಿಲ್ಲ. ತನ್ನನ್ನು ನಂಬಿ ಬಂದ ಪೌರರಿಗೆ ಧೃತರಾಷ್ಟ್ರನು ಉಚಿತವಾದ ಜೀವಿಕೆಯನ್ನು ಕೊಡುವನೆಂದೂ, ಅವನು ಕೊಡದೆಹೋದರೆ ಪಾಂಚಾಲರಾಜನಾದ ದ್ರುಪದನು ಕೊಡುವನೆಂದೂ ಹೇಳಿ, ಬಿಟ್ಟುಹೋಗುವವರ ಅನ್ನಕ್ಕೆ ದಾರಿಮಾಡಿ ಕಳುಹುತ್ತಾನೆ. ತನ್ನ ಗಂಟನ್ನು ಹಗುರಮಾಡಿಕೊಳ್ಳುವಾಗ ಅದರ ಭಾರವು ಯಾರ ಹೆಗಲಿಗೆ ಬಿದ್ದೀತೆಂಬ ಈ ಎಚ್ಚರವೇ ಮಿತವ್ಯಯವನ್ನು ಕಾರ್ಪಣ್ಯದಿಂದ ಬೇರ್ಪಡಿಸತಕ್ಕದ್ದು.

ಪಂಚವಟಿಗೆ ಹಗುರಾಗಿ ಬಂದ ಮೂವರ ಕಥೆಯೂ ಇದನ್ನೇ ಬೋಧಿಸುತ್ತದೆ. ಅಗಸ್ತ್ಯನ ಸೂಚನೆಯಂತೆ ಗೋದಾವರೀತೀರಕ್ಕೆ ಬಂದ ರಾಮನು ಆಶ್ರಮಕ್ಕೆ ತಕ್ಕ ಸ್ಥಳವನ್ನು ನೋಡೆಂದು ತಮ್ಮನಿಗೆ ಹೇಳಲು, ಲಕ್ಷ್ಮಣನು ತಾನು ಅಣ್ಣನ ಅಧೀನನೆಂದೂ ಸ್ಥಳವನ್ನು ಅವನೇ ಗೊತ್ತುಮಾಡಬೇಕೆಂದೂ ವಿನಯದಿಂದ ಬಿನ್ನವಿಸುತ್ತಾನೆ. ರಾಮನು ಸಮತಲವಾದ, ಹೂಗಿಡಗಳಿಂದ ಕೂಡಿದ, ನದಿಗೆ ಸಮೀಪವಾದ ನೆಲವನ್ನು ತೋರಿಸುತ್ತಾನೆ. ಲಕ್ಷ್ಮಣನು ಮಣ್ಣನ್ನು ಒಟ್ಟಿ ಗೋಡೆಯೆಬ್ಬಿಸಿ, ಕಂಬ ನಿಲ್ಲಿಸಿ, ನೀಳವಾದ ಬಿದಿರುಗಳನ್ನು ಅಡ್ಡಹಾಸಿ, ಶಮೀಶಾಖೆಗಳನ್ನು ಹರಡಿ ಬಿಗಿದು, ದರ್ಭೆ ಜೊಂಡು ತರಗುಗಳಿಂದ ಹೊದಿಸಿ, ನದಿಯಲ್ಲಿ ಮಿಂದು, ತಾವರೆಗಳನ್ನೂ ಹಣ್ಣುಗಳನ್ನೂ ತಂದು, ಪುಷ್ಪಬಲಿಯನ್ನೂ ಶಾಂತಿಯನ್ನೂ ನೆರವೇರಿಸಿ, ಆಮೇಲೆ ಅಣ್ಣನಿಗೆ ಪರ್ಣಶಾಲೆಯನ್ನು ತೋರಿಸುತ್ತಾನೆ. ಅದನ್ನು ಕಂಡ ರಾಮನು ತಮ್ಮನನ್ನು ಗಾಢವಾಗಿ ತಬ್ಬಿಕೊಂಡು, ಈ ಮಹತ್ಕಾರ್ಯಕ್ಕೆ ತಾನು ಕೊಡಬೇಕಾದ ಪಾರಿತೋಷಿಕದ ಸ್ಥಾನದಲ್ಲಿ ಈ ಆಲಿಂಗನವನ್ನು ಕೊಟ್ಟೆನೆಂದು ಹೇಳುತ್ತಾನೆ. ಕೋಸಲರಾಜ್ಯದ ಬೊಕ್ಕಸಕ್ಕೆ ಒಡೆಯನಾಗಬೇಕಾಗಿದ್ದವನ ಕೈಯಲ್ಲಿ ಅಂದು ಕೊಡಲು ಬೇರೇನೂ ಇರಲಿಲ್ಲ. ಆದರೂ ಪಡೆದುದಕ್ಕೆ ತೆರಬೇಕಾದುದೊಂದು ಉಂಟೆಂಬುದನ್ನು ಅವನು ಮರೆಯಲಿಲ್ಲ. ನಮ್ಮ ಯಾತ್ರೆಯಲ್ಲಾದರೋ, ಸ್ನೇಹಿತರ ನಡುವೆ ಅಡುಗೆಗೆ ನಿಂತವನು, ಟಿಕೀಟಿಗಾಗಿ ಸರದಿಯಲ್ಲಿ ನಿಂತವನು, ಕಾಯಿಲೆ ಬಿದ್ದವನ ಬಳಿ ರಾತ್ರಿ ಎಚ್ಚರವಿದ್ದವನು, ಇವರೆಲ್ಲರ ಶ್ರಮವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವ ಕಂಬಸಾಲು ಎಲ್ಲಿಯೂ ಇಲ್ಲ.

ನಾಸಿಕದ ಹೊರವಲಯದ ತ್ರಿರಶ್ಮಿ ಬೆಟ್ಟದಲ್ಲಿ ಜನರು ಪಾಂಡವ ಲೇಣಿಯೆಂದು ಕರೆಯುವ ಬೌದ್ಧ ಗುಹೆಗಳಿವೆ. ಅಲ್ಲಿನ 10ನೆಯ ಗುಹೆಯನ್ನು ಕೊರೆಯಿಸಿದ, ಕ್ಷತ್ರಪ ನಹಪಾನನ ಅಳಿಯನಾದ ಉಷವದಾತನ ಶಾಸನಗಳಲ್ಲಿ ಪಥಿಕರ ಪಾಲಿಗೆ ಅತ್ಯಂತ ಮನೋಜ್ಞವಾದ ಸಂಗತಿಗಳಿವೆ. ಭರುಕಚ್ಛ, ದಶಪುರ, ಶೂರ್ಪಾರಕಗಳಲ್ಲಿಯೂ ನಾಸಿಕದ ಸಮೀಪದ ಗೋವರ್ಧನದಲ್ಲಿಯೂ ಅವನು ತಂಗುದಾಣಗಳನ್ನು ಕಟ್ಟಿಸಿದನು. ತಾಪಿ, ದಮನ ಮೊದಲಾದ ನದಿಗಳಲ್ಲಿ ಕೂಲಿಯಿಲ್ಲದೆ ದಾಟಿಸುವ ದೋಣಿಗಳನ್ನು ಇಡಿಸಿದನು. ಗುಹಾವಾಸಿಗಳಾದ ಭಿಕ್ಷುಗಳಿಗಾಗಿ 3000 ಕಾರ್ಷಾಪಣ ನಾಣ್ಯಗಳನ್ನು ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ ಇಡುಗಂಟಾಗಿಟ್ಟು, ಅದರಲ್ಲಿ 2000ದ ಬಡ್ಡಿಯಿಂದ, ಅಲ್ಲಿ ವರ್ಷಾವಾಸ ಮಾಡುವ 20 ಮಂದಿ ಭಿಕ್ಷುಗಳಿಗೆ ತಲಾ 12ರಂತೆ ಚೀವರದ ಹಣ ಸಲ್ಲಬೇಕೆಂದು ವಿಧಿಸಿದನು. ಸರ್ವಸಂಗಪರಿತ್ಯಾಗಿಯ ಮೈಮೇಲಿನ ವಸ್ತ್ರದ ಹಿಂದೆಯೂ ಒಬ್ಬ ದಾನಿಯ ಮೂಲಧನವಿತ್ತು, ಬಡ್ಡಿಯನ್ನು ತಪ್ಪದೆ ಸಲ್ಲಿಸಬೇಕಾದ ನೇಕಾರರ ಮಗ್ಗವಿತ್ತು. ಬಿಟ್ಟಿ ದೋಣಿಯನ್ನು ಹತ್ತಿದವನಿಗೆ ಅದು ಬಿಟ್ಟಿ. ಹುಟ್ಟು ಹಾಕಿದ ಅಂಬಿಗನ ತೋಳಿಗಲ್ಲ.

ಧನವಿಲ್ಲದವನಿಗೂ ತೀರ್ಥವು ತೆರೆದಿದೆಯೆಂಬ ಪುಲಸ್ತ್ಯವಾಕ್ಯವು ಇದೇ ಪಂಚವಟಿಯಲ್ಲಿ ಭಂಗಗೊಂಡುದನ್ನೂ ಯಾತ್ರಿಕನು ನೆನೆಯಲೇಬೇಕು. 1930ರ ಮಾರ್ಚ್ 2ರಂದು ಡಾಕ್ಟರ್ ಅಂಬೇಡ್ಕರರ ನಾಯಕತ್ವದಲ್ಲಿ ಅಸ್ಪೃಶ್ಯರೆನಿಸಿಕೊಂಡ ಜನರು ಕಾಳಾರಾಮ ದೇವಾಲಯದ ಪ್ರವೇಶಕ್ಕಾಗಿ ಸತ್ಯಾಗ್ರಹವನ್ನು ಆರಂಭಿಸಿದರು. ವರ್ಷಗಳು ಕಳೆದರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರಿನಲ್ಲಿ, ಇದೇ ಜಿಲ್ಲೆಯ ಯೇವಲೆಯಲ್ಲಿ, ತಾವು ಹಿಂದುವಾಗಿ ಸಾಯುವುದಿಲ್ಲವೆಂದು ಅಂಬೇಡ್ಕರರು ಸಾರಿದರು. ಬೇಡರೊಡೆಯನಾದ ಗುಹನನ್ನು ಅಪ್ಪಿಕೊಂಡ ರಾಮನ ಗುಡಿಯಲ್ಲಿ ಈ ನಿಷೇಧವು ನಡೆಯಿತೆಂಬುದು ನಮ್ಮ ಧರ್ಮಬುದ್ಧಿಗೆ ತಟ್ಟಿದ ಮಹಾಕಳಂಕ. ಇಂದು ನಾವು ಯಾವ ತಡೆಯೂ ಇಲ್ಲದೆ ಆ ಹೊಸಿಲನ್ನು ದಾಟುವಾಗ, ಅಂದು ಅದರ ಹೊರಗೆ ಬಿಸಿಲಿನಲ್ಲಿ ನಿಂತವರಿಗೆ ನಮ್ಮ ಋಣವೆಷ್ಟೆಂಬುದನ್ನು ಯಾವ ನಾಣ್ಯದಿಂದಲೂ ಅಳೆಯಲಾಗದು.

ಅಲ್ಲಿಂದ ಎಲ್ಲೋರವೆನಿಸುವ ವೇರೂಳಿಗೆ ಹೋದ ಕನ್ನಡಿಗನು, ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದಲ್ಲಿ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು ನಿರ್ಮಿಸಿದ ಕೈಲಾಸ ದೇವಾಲಯದ ಮುಂದೆ ಹೆಮ್ಮೆಯಿಂದ ನಿಲ್ಲುವುದು ಸಹಜ. ಪ್ರವೇಶಕ್ಕೆ ಕೊಟ್ಟ ಹಣವು ಅಲ್ಲಿ ಉಳಿ ಹಿಡಿದ ಅನಾಮಧೇಯರ ಒಂದು ದಿನದ ಬೆವರಿಗೂ ಸಾಟಿಯಾಗದು. ಪಕ್ಕದ ಘೃಷ್ಣೇಶ್ವರನ ದರ್ಶನವು ನಮಗೆ ಸುಲಭವಾದುದಕ್ಕೆ, ಹಾಳಾಗಿದ್ದ ಗುಡಿಯನ್ನು ಮರಳಿ ಕಟ್ಟಿಸಿದ ಅಹಲ್ಯಾಬಾಯಿ ಹೋಳ್ಕರಳು ಕಾರಣಳು.

ಹಾಗಾದರೆ ಅಲ್ಪಧನನು ಮನೆಯಲ್ಲಿಯೇ ಇರಬೇಕೆ? ಖಂಡಿತ ಬೇಡ. ಶತಪಥ ಬ್ರಾಹ್ಮಣವು ದೇವ, ಋಷಿ, ಪಿತೃಗಳ ಋಣದೊಡನೆ ಮನುಷ್ಯಋಣವೆಂಬ ನಾಲ್ಕನೆಯದನ್ನೂ ಹೇಳಿ, ಜನರಿಗೆ ವಸತಿಯನ್ನೂ ಅನ್ನವನ್ನೂ ಕೊಡುವುದರಿಂದ ಅದು ತೀರುವುದೆಂದು ವಿಧಿಸಿದೆ. ಆದುದರಿಂದ ಹೊರಡುವ ಸ್ನೇಹಿತರು ಖರ್ಚಿನ ಮೊತ್ತವನ್ನು ತಮ್ಮಲ್ಲಿ ಉಳ್ಳವನ ಅನುಕೂಲಕ್ಕೆ ತಕ್ಕಂತೆ ನಿಶ್ಚಯಿಸದೆ, ಎಲ್ಲರಿಗಿಂತ ಬಡವನಾದವನ ಶಕ್ತಿಯನ್ನು ನೋಡಿ, ಅವನು ನಾಚಿಕೊಳ್ಳದಂತೆ ನಿಶ್ಚಯಿಸಲಿ. ತಮ್ಮ ಹಾಸಿಗೆಯಲ್ಲಿ, ಊಟದಲ್ಲಿ, ವಾಹನದಲ್ಲಿ ಎಷ್ಟು ಬೇಕಾದರೂ ಕಡಮೆ ಮಾಡಿಕೊಳ್ಳಲಿ. ಹಮಾಲಿಯ ಕೂಲಿಯಲ್ಲಿ, ರಿಕ್ಷಾದವನ ಬಾಡಿಗೆಯಲ್ಲಿ, ಹೂಮಾರುವವಳ ಬುಟ್ಟಿಯಲ್ಲಿ ಚೌಕಾಸಿ ಮಾಡಿ ಉಳಿಸದಿರಲಿ. ಉಷವದಾತನಿಗಾಗಲಿ ಅಹಲ್ಯಾಬಾಯಿಗಾಗಲಿ ಆ ಋಣವನ್ನು ಹಿಂದಿರುಗಿಸುವ ಉಪಾಯವು ನಮಗಿಲ್ಲ. ಆದರೆ ನಮ್ಮ ಊರಿಗೂ ದೂರದಿಂದ ಕೈಯಲ್ಲಿ ಕಾಸು ಕಡಮೆಯಿದ್ದು, ಭಾಷೆ ಬಾರದೆ, ವಿಳಾಸ ಕೇಳುತ್ತ ಬರುವವರಿದ್ದಾರೆ. ಅವರಿಗೆ ನಾವು ಕೊಡುವ ನೀರು, ನೆರಳು, ಒಂದು ಹೊತ್ತಿನ ಊಟ, ಇವೇ ನಮ್ಮ ಯಾತ್ರೆಯ ಬಾಕಿಯನ್ನು ಸಲ್ಲಿಸುವ ಮಾರ್ಗ. ಅದು ಸಲ್ಲುವವರೆಗೆ, ಎಷ್ಟು ಕ್ಷೇತ್ರಗಳನ್ನು ನೋಡಿ ಬಂದಿದ್ದರೂ ಯಾತ್ರೆಯು ಪೂರ್ಣವಾಯಿತೆಂದು ಹೇಳಿಕೊಳ್ಳುವ ಅಧಿಕಾರವು ನಮಗೆ ಬರಲಾರದು.